ಯಾವ ಪುಸ್ತಕ ತರಲಿ? ಮನೆಯಲ್ಲೇ ಕಲಿಸುವವರ ಐದು ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಿಕೆಯಲ್ಲಿ ತೊಡಕಿರುವ ಮಕ್ಕಳ ಬಗ್ಗೆ. ಮನೆಯಲ್ಲೇ ಕಲಿಸುತ್ತೇವೆ, ಪಠ್ಯ ಯಾವುದು ಎಂಬುದೇ ಎಲ್ಲರ ಪ್ರಶ್ನೆ. ಐದು ಪತ್ರ ಆರಿಸಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ.

ನನ್ನ ಮಗಗ ಒಂಬತ್ತು ವರ್ಷ, ಮೂರನೇ ಇಯತ್ತೆ. ಬಾಯಿಲೆಕ್ಕ ಪಟಪಟ ಹೇಳತಾನ. ಕಾಗುಣಿತ ಬಾಯಿಪಾಠ ಐತಿ. ಪುಸ್ತಕ ತೆರೆದು ಓದು ಅಂದರ ಅಳತಾನ. ಶಾಲಿ ಬಿಡಿಸಿ ಮನ್ಯಾಗ ಕಲಸಬೇಕಂತ ಮಾಡೇನ್ರಿ. ಯಾವ ಪುಸ್ತಕ ತರಲಿ?
— ಗೋಕಾಕ ತಾಲ್ಲೂಕಿನ ತಾಯಿ

ಶಾಲೆ ಬಿಡಿಸುವ ಮಾತು ಸದ್ಯಕ್ಕೆ ಬೇಡ. ಮೊದಲು ಕಣ್ಣು, ಕಿವಿ ತೋರಿಸಿ. ಎರಡೂ ಸರಿ ಇದ್ದರೆ ಕಲಿಕಾ ನ್ಯೂನತೆಯ (ಬುದ್ಧಿ ಚುರುಕಿದ್ದೂ ಓದು, ಬರಹ ಇಲ್ಲವೆ ಲೆಕ್ಕ ತೊಡಕಾಗುವುದು) ಪರೀಕ್ಷೆ ಮಾಡಿಸಿ. ಎಂಟು ವರ್ಷ ತುಂಬಿದ ಮಕ್ಕಳಿಗೆ ಈ ಪರೀಕ್ಷೆ ಮಾಡುತ್ತಾರೆ, ಹಾಗಾಗಿ ನಿಮ್ಮ ಮಗನಿಗೆ ಇದು ಸರಿಯಾದ ವಯಸ್ಸು. ಬೆಳಗಾವಿ ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ಇಲ್ಲವೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಹೋಗುವಾಗ ಮಗನ ಎರಡು ವರ್ಷದ ನೋಟ್‌ಬುಕ್ಕುಗಳನ್ನು ಒಯ್ಯಿರಿ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಪರೀಕ್ಷೆಯ ಮೇಲೆ ಕೊಡುವ ಪ್ರಮಾಣಪತ್ರ ಮುಂದೆ ಹತ್ತನೇ ಇಯತ್ತೆಗೆ ಬೇಕಾಗುತ್ತದೆ.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ‘ಬ್ರೇನ್ ಕಿಟ್’ ಎಂದು ಸಾವಿರಾರು ರೂಪಾಯಿಗೆ ಮಾರುವ ಪೆಟ್ಟಿಗೆಗಳಂತೂ ಬೇಡವೇ ಬೇಡ. ಸರಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮ ನಿಮಗೆ ಸಾಕು. ಅದು ಅ, ಆ, ಇ, ಈ ಎಂದು ಹೊರಡುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಮೊದಲ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಹತ್ತು ಬಂದರೆ ಮರ, ಜನ, ನಗರ, ಬಸವ ಬರುತ್ತವೆ. ವರ್ಣಮಾಲೆ ಪೂರ್ತಿ ಮುಗಿಯುವ ತನಕ ಕಾಯದೆ, ಎರಡನೇ ವಾರವೇ ಓದಿದೆ ಎನ್ನುವ ಧೈರ್ಯ ಹುಟ್ಟುತ್ತದೆ. ಒಂದು ಬದಲಾವಣೆ ಮಾತ್ರ ಮಾಡಿಕೊಳ್ಳಿ. ವ, ಮ ನೋಡಲು ಹತ್ತಿರ ಹತ್ತಿರ. ಇಂಥ ಮಗುವಿಗೆ ಇವೆರಡರ ನಡುವೆ ಕನಿಷ್ಠ ಒಂದು ವಾರ ಅಂತರ ಬೇಕು. ನ–ಸ, ಪ–ಷ, ರ–ಠ ಜೋಡಿಗಳಿಗೂ ಅಷ್ಟೆ. ಬ–ಭ, ದ–ಧ ತೀರ ಕೊನೆಗೆ ಇಡಿ. ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣ ಬಹಳ ಸಲ ಕೇಳುವುದೇ ಇಲ್ಲ, ಅಲ್ಲಿ ಮಗುವಿನ ಕಿವಿ ಅದಕ್ಕೆ ನೆರವಾಗುವುದಿಲ್ಲ.

ದಿನಕ್ಕೆ 25 ನಿಮಿಷ ಸಾಕು. ಬೆಳಿಗ್ಗೆ ಹತ್ತು, ಸಂಜೆ ಹದಿನೈದು. ಕಲಿತ ಅಕ್ಷರಗಳನ್ನು ಒಂದೊಂದು ಕಾರ್ಡಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಆ ಕಾರ್ಡುಗಳನ್ನು ಕಲೆಸಿ ಒಂದೊಂದನ್ನೂ ಮೂರು ಸೆಕೆಂಡು ತೋರಿಸಿ. ಹೇಳಿದರೆ ಬಲಕ್ಕೆ, ಇಲ್ಲವಾದರೆ ಎಡಕ್ಕೆ ಇಡಿ. ಸಂಜೆ ಒಂದು ಹೊಸ ಅಕ್ಷರದ ಅಭ್ಯಾಸ, ಹೆಚ್ಚೆಂದರೆ ಎರಡರದು. ತಾಟಿನಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರಡಿ, ಬೆರಳಿನಿಂದ ಬರೆಯುತ್ತ ಅದೇ ಹೊತ್ತಿಗೆ ಬಾಯಲ್ಲಿ ಉಚ್ಚರಿಸಲಿ, ಐದು ಸಲ. ಕೈ, ಕಣ್ಣು, ಕಿವಿ ಮೂರೂ ಒಟ್ಟಿಗೆ ಕೆಲಸ ಮಾಡಬೇಕೆಂದೇ ಈ ಹಿಟ್ಟಿನ ತಾಟು. ಬಾಯಿ ಮುಚ್ಚಿಕೊಂಡು ಬರೆದರೆ ಅರ್ಧ ಉಪಯೋಗವಿಲ್ಲ. ಉಳಿದ ಹೊತ್ತು ಗೊತ್ತಿರುವ ಅಕ್ಷರಗಳ ಪದಗಳನ್ನೇ ಓದಿಸಿ. ಮೂರು ದಿನ ಸತತವಾಗಿ ಹತ್ತರಲ್ಲಿ ಒಂಬತ್ತು ಸರಿ ಬಂದ ಮೇಲೆಯೇ ಮುಂದಿನ ಅಕ್ಷರ.

ಕಾಗುಣಿತದಲ್ಲಿ ನಿಮ್ಮ ಮಗ ಎಡವುತ್ತಿರುವುದು ಎಲ್ಲಿ ಎಂದು ನಿಮ್ಮ ಪತ್ರದಲ್ಲೇ ಇದೆ. ‘ಕು’ ಒಂದನ್ನೇ ಬರೆದು ತೋರಿಸಿ. ಕ, ಕಾ, ಕಿ, ಕೀ ಎಂದು ಮೊದಲಿನಿಂದ ಗುನುಗಿಕೊಂಡು ಬಂದರೆ ಅವನಿಗೆ ಹಾಡು ಗೊತ್ತಿದೆ, ಚಿಹ್ನೆ ಗೊತ್ತಿಲ್ಲ. ಅಡ್ಡಸಾಲು ಬಿಟ್ಟು ಉದ್ದಸಾಲು ಹಿಡಿಯಿರಿ: ಗೊತ್ತಿರುವ ಎಲ್ಲ ಅಕ್ಷರಗಳಿಗೂ ಒಂದೇ ಚಿಹ್ನೆ. ಸಾ, ರಾ, ಗಾ, ದಾ, ಮಾ. ಅದು ಗಟ್ಟಿಯಾದ ಮೇಲೆ ಸಿ, ರಿ, ಗಿ. ಕೊ, ಕೋ ಕಡೆಗೆ. ಅವುಗಳಲ್ಲಿ ತಲೆಯ ಮೇಲೊಂದು, ಬಲಕ್ಕೊಂದು ಹೀಗೆ ಎರಡು ಗುರುತುಗಳನ್ನು ಕೂಡಿಸಿ ಒಂದೇ ಧ್ವನಿ ಮಾಡಿಕೊಳ್ಳಬೇಕು. ಒತ್ತಕ್ಷರಗಳಲ್ಲಿ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಇವನ್ನು ಹೊಸ ಅಕ್ಷರಗಳೆಂದೇ ಕಲಿಸಿ. ಬೇರೆ ಒತ್ತುಗಳು ಬಹುಮಟ್ಟಿಗೆ ಮೂಲ ಅಕ್ಷರದ ಚಿಕ್ಕ ರೂಪ. ‘ಸೂರ್ಯ’ದ ಅರ್ಕಾವೊತ್ತು ಎಲ್ಲಕ್ಕಿಂತ ಕಷ್ಟ: ಕಣ್ಣಿಗೆ ಆಮೇಲೆ ಕಾಣುವುದನ್ನು ಬಾಯಿ ಮೊದಲು ಹೇಳಬೇಕು.

ಸಾಮಾನ್ಯವಾಗಿ ಆಗುವ ತಪ್ಪು ಎರಡು. ಪಾಠವನ್ನು ಹತ್ತು ಸಲ ಕಾಪಿ ಬರೆಸುವುದು ಒಂದು. ಅದರಿಂದ ಕೈ ನೋಯುತ್ತದೆ, ಓದು ಬರುವುದಿಲ್ಲ. ಚಿತ್ರ ನೋಡಿ ಊಹಿಸಿದ್ದನ್ನು ಓದು ಎಂದುಕೊಳ್ಳುವುದು ಇನ್ನೊಂದು. ಚಿತ್ರ ಮುಚ್ಚಿ, ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸಿದರೆ ನಿಜ ಗೊತ್ತಾಗುತ್ತದೆ. ಆರಂಭದ ವಾಕ್ಯಗಳನ್ನು ಅವನ ಮಾತಿನಲ್ಲೇ ನೀವು ಬರೆದುಕೊಡಿ: ‘ಅವ್ವ ರೊಟ್ಟಿ ಬಡೀತಾಳ.’ ಪಠ್ಯದ ಕನ್ನಡ ಆಮೇಲೆ ಬರಲಿ. ಮುಂದೆ ಕಥೆ ಬೇಕೆನಿಸಿದಾಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ನಾಲ್ಕು ಹಂತಗಳಿವೆ, ಒಂದನೇ ಹಂತದಿಂದ ಹಿಡಿಯಿರಿ.

ಇಷ್ಟಾದ ಮೇಲೂ ಶಾಲೆ ಬಿಡಿಸಲೇಬೇಕಾದರೆ ಎಸ್‌ಎಟಿಎಸ್ (ಸರಕಾರದ ವಿದ್ಯಾರ್ಥಿ ದಾಖಲೆ) ಸಂಖ್ಯೆ ಇರುವ ಟಿಸಿ (ವರ್ಗಾವಣೆ ಪತ್ರ) ಕೈಯಲ್ಲಿರಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 14 ವರ್ಷದ ವರೆಗೆ ವಯಸ್ಸಿಗೆ ತಕ್ಕ ತರಗತಿಗೆ ಮತ್ತೆ ಸೇರಬಹುದು.

ಮಗಳಿಗೆ ಏಳು ವರ್ಷ, ಆಟಿಸಂ ಇದೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಹೋಗುತ್ತಿದ್ದ ಶಾಲೆಯಲ್ಲಿ ಇಂಗ್ಲಿಷ್. ಒಂದೇ ಭಾಷೆ ಆಡಿ ಎನ್ನುತ್ತಾರೆ. ಐದು ನಿಮಿಷ ಕೂಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?
— ಬೆಳಗಾವಿ, ಶಹಾಪುರದ ತಂದೆ

ಎರಡು ಭಾಷೆ ಕಿವಿಗೆ ಬಿದ್ದದ್ದರಿಂದ ಆಟಿಸಂ ಇರುವ ಮಗುವಿನ ಮಾತು ತಡವಾಗುವುದಿಲ್ಲ. ಮನೆಯ ಮರಾಠಿ ನಿಲ್ಲಿಸಬೇಡಿ. ಲಿಪಿ ಮಾತ್ರ ಒಂದೇ ಇರಲಿ, ಕಡಿಮೆಯೆಂದರೂ ಒಂದು ವರ್ಷ. ಮುಂದೆ ಯಾವ ಮಾಧ್ಯಮದ ಶಾಲೆಯೋ ಆ ಲಿಪಿ.

ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಕನ್ನಡದ ‘ಇಪ್ಪತ್ತೊಂದು’ ಹತ್ತರ ಸ್ಥಾನವನ್ನು ಮೊದಲು ಹೇಳುತ್ತದೆ, ಮರಾಠಿಯ ‘ಏಕ್‌ವೀಸ್’ ಬಿಡಿ ಸ್ಥಾನವನ್ನು ಮೊದಲು ಹೇಳುತ್ತದೆ. ‘ತ್ರೇಪನ್ನ’ ಕೇಳಿದ ಮಗು 53ರ ಬದಲು 35 ಬರೆದರೆ ಅದು ದಡ್ಡತನವಲ್ಲ, ಕೇಳಿದ ಕ್ರಮದಲ್ಲೇ ಬರೆದಿದೆ. ವಿಜಯಪುರದ ಉರ್ದು ಮನೆಗಳಲ್ಲೂ ಇದೇ ಗೋಳು. ಅಂಕಿ ಹೇಳಿಕೊಡಲು ಒಂದೇ ಭಾಷೆ ಆರಿಸಿ, ಹತ್ತು ಕಡ್ಡಿಗೆ ಒಂದು ರಬ್ಬರ್‌ಬ್ಯಾಂಡ್ ಹಾಕಿ ಕಟ್ಟು ಮಾಡಿ ತೋರಿಸಿ.

ಇನ್ನು ಕೂಡುವ ಮಾತು. ಈ ವಯಸ್ಸಿಗೆ ಪಠ್ಯ ಎಂದರೆ ಪುಸ್ತಕವಲ್ಲ, ದಿನದ ಕ್ರಮ. ಮೊಬೈಲಿನಲ್ಲಿ ಅವಳದೇ ಚೊಂಬು, ತಾಟು, ಚಾಪೆ, ಜೋಕಾಲಿಯ ಫೋಟೊ ತೆಗೆದು ಅಂಗೈ ಅಗಲ ಪ್ರಿಂಟ್ ಹಾಕಿಸಿ. ನಾಲ್ಕನ್ನು ಮೇಲಿನಿಂದ ಕೆಳಕ್ಕೆ ಗೋಡೆಗೆ ಅಂಟಿಸಿ. ಒಂದು ಕೆಲಸ ಮುಗಿದೊಡನೆ ಅವಳ ಕೈಯಿಂದಲೇ ಆ ಚಿತ್ರ ಕೀಳಿಸಿ ಡಬ್ಬಿಗೆ ಹಾಕಿಸಿ. ಬಹಳ ಮನೆಗಳಲ್ಲಿ ಚಿತ್ರಪಟ್ಟಿ ಕೆಲಸ ಮಾಡದಿರುವುದಕ್ಕೆ ಕಾರಣ ಇದೇ: ಚಿತ್ರಗಳು ಗೋಡೆಯ ಮೇಲೆ ಕ್ಯಾಲೆಂಡರಿನಂತೆ ತೂಗುತ್ತಿರುತ್ತವೆ, ಯಾರೂ ಮುಟ್ಟುವುದಿಲ್ಲ.

ಕೂಡಲು ಮೂರು ಡಬ್ಬಿ ಎಡದಿಂದ ಬಲಕ್ಕೆ ಇಡಿ. ಒಂದರಲ್ಲಿ ಬೇರ್ಪಡಿಸಲು ಕಡಲೆ ಮತ್ತು ಅವರೆ, ಎರಡನೆಯದರಲ್ಲಿ ಜೋಡಿ ಚಿತ್ರಗಳು, ಮೂರನೆಯದರಲ್ಲಿ ಅವಳಿಗೆ ಇಷ್ಟವಾದ ಆಟಿಕೆ. ಬಲತುದಿಗೆ ‘ಮುಗೀತು’ ಬುಟ್ಟಿ. ಮೊದಲ ವಾರ ಡಬ್ಬಿಗೆ ಎರಡೇ ನಿಮಿಷ. ಪಾಠದ ಹೊತ್ತಿಗೆ ಕುಕ್ಕರು, ಮಿಕ್ಸರು ನಿಲ್ಲಿಸಿ. ಆ ಸದ್ದು ಕೆಲವು ಮಕ್ಕಳಿಗೆ ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ. ಕೇಳಿ ಪಡೆಯುವುದನ್ನು ಊಟದಲ್ಲೇ ಕಲಿಸಬಹುದು: ರೊಟ್ಟಿಯನ್ನು ಇಡಿಯಾಗಿ ಹಾಕದೆ ಚೂರು ಮಾಡಿ, ಒಂದು ಚೂರು ಕೊಟ್ಟು, ಐದು ಸೆಕೆಂಡು ಸುಮ್ಮನೆ ಅವಳ ಮುಖ ನೋಡಿ. ಕೈ ಚಾಚಿದರೂ ಸರಿ, ಚಿತ್ರ ಕೊಟ್ಟರೂ ಸರಿ, ಸದ್ದು ಮಾಡಿದರೂ ಸರಿ, ತಕ್ಷಣ ಕೊಟ್ಟುಬಿಡಿ. ಐದು ಸೆಕೆಂಡು ಕಾಯುವುದು ಹಿರಿಯರಿಗೇ ಕಷ್ಟ.

ಮಗಳಿಗೆ ಹದಿಮೂರು, ಬೌದ್ಧಿಕ ಅಸಾಮರ್ಥ್ಯ ಎಂದು ಪ್ರಮಾಣಪತ್ರ ಇದೆ. ತನ್ನ ಹೆಸರು ಬರೆಯುತ್ತಾಳೆ, ಇಪ್ಪತ್ತರ ತನಕ ಎಣಿಸುತ್ತಾಳೆ. ಮತ್ತೆ ಒಂದನೇ ಇಯತ್ತೆ ಪುಸ್ತಕದಿಂದ ಹಿಡಿಯಬೇಕೆ? ನಮ್ಮದು ನೇಕಾರರ ಮನೆ.
— ಇಳಕಲ್ಲಿನ ತಾಯಿ

ಬೇಡ. ಹದಿಮೂರರ ಹುಡುಗಿಗೆ ಆರು ವರ್ಷದವರ ಪುಸ್ತಕ ಕೊಟ್ಟರೆ ಅವಳಿಗೂ ನಾಚಿಕೆ, ನಿಮಗೂ ಬೇಸರ. ಹದಿನೆಂಟು ತುಂಬುವ ಹೊತ್ತಿಗೆ ಏನು ಬರಬೇಕು ಎಂದು ಬರೆದು ಅಲ್ಲಿಂದ ಹಿಂದಕ್ಕೆ ಬನ್ನಿ. ಬೌದ್ಧಿಕ ಅಸಾಮರ್ಥ್ಯಕ್ಕೆಂದೇ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಎನ್ಐಇಪಿಐಡಿಯ ಎಫ್‌ಎಸಿಪಿ ಎಂಬ ಪರಿಶೀಲನಾ ಪಟ್ಟಿ ಇದಕ್ಕೆಂದೇ ಇದೆ. ವಿಶೇಷ ಶಿಕ್ಷಕರ ಜೊತೆ ಕೂತು ಒಮ್ಮೆ ತುಂಬಿದರೆ ಅವಳು ಎಲ್ಲಿದ್ದಾಳೆ ಎಂದು ತಿಳಿಯುತ್ತದೆ. ಅದರಿಂದ ಮೂರೇ ಮೂರು ಗುರಿ ಆರಿಸಿ, ಮೂರು ತಿಂಗಳಿಗೆ. ಹತ್ತು ಗುರಿ ಬರೆದವರು ಎರಡನ್ನೂ ಮುಟ್ಟುವುದಿಲ್ಲ.

ನಿಮ್ಮ ಮನೆಯಲ್ಲೇ ಇರುವ ಒಂದು ಪಾಠ ನೋಡಿ, ಕಂಡಿಕೆ (ಲಾಳಿಯೊಳಗೆ ಕೂಡುವ ನೂಲಿನ ಕೊಳವೆ) ಸುತ್ತುವುದು. ದುಡಿಮೆಗೆ ಹಚ್ಚಿ ಎನ್ನುತ್ತಿಲ್ಲ, ದಿನಕ್ಕೆ ಹದಿನೈದು ನಿಮಿಷದ ಕಲಿಕೆ ಅಷ್ಟೆ. ಕೆಲಸವನ್ನು ಆರು ಮೆಟ್ಟಿಲು ಮಾಡಿ. ಖಾಲಿ ಕಂಡಿಕೆಯನ್ನು ಕದಿರಿಗೆ (ರಾಟಿಯ ತಿರುಗುವ ಸರಳಿಗೆ) ಹಾಕುವುದು, ನೂಲಿನ ತುದಿ ಹಿಡಿದು ಮೂರು ಸುತ್ತು ಹಾಕುವುದು, ಒಂದು ಕೈಯಲ್ಲಿ ರಾಟಿ ತಿರುಗಿಸುವುದು, ಇನ್ನೊಂದು ಕೈಯ ಎರಡು ಬೆರಳಲ್ಲಿ ನೂಲನ್ನು ಆಚೀಚೆ ನಡೆಸುವುದು, ತುಂಬಿದಾಗ ನಿಲ್ಲಿಸುವುದು, ನೂಲು ಹರಿದು ಕಂಡಿಕೆ ತೆಗೆಯುವುದು. ಮೊದಲ ಐದನ್ನು ನೀವೇ ಮಾಡಿ, ಆರನೆಯದನ್ನು ಅವಳು ಮಾಡಲಿ. ಅದು ಬಂದ ಮೇಲೆ ಐದು ಮತ್ತು ಆರು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಅವಳ ಕೈಯಲ್ಲೇ ಮುಗಿಯುತ್ತದೆ, ‘ನಾ ಮಾಡಿದೆ’ ಎನಿಸುತ್ತದೆ. ಎಲ್ಲರೂ ಸಿಕ್ಕಿಬೀಳುವುದು ಮೂರು, ನಾಲ್ಕನೇ ಮೆಟ್ಟಿಲಲ್ಲಿ. ಎರಡು ಕೈ ಎರಡು ಕೆಲಸ ಮಾಡಬೇಕಲ್ಲ. ಅಲ್ಲಿ ರಾಟಿ ನೀವು ತಿರುಗಿಸಿ, ನೂಲು ಅವಳು ನಡೆಸಲಿ. ಸಡಿಲ ಸುತ್ತಿದರೆ ಮಗ್ಗದಲ್ಲಿ ಆಚೀಚೆ ಓಡುವ ಲಾಳಿಯಲ್ಲಿ ನೂಲು ಜಾರಿ ಗಂಟು ಬೀಳುತ್ತದೆ, ಆದ್ದರಿಂದ ಅಭ್ಯಾಸಕ್ಕೆ ಉಳಿಕೆ ನೂಲು ಇರಲಿ. ಸುತ್ತಿದ ಕಂಡಿಕೆ ಎಣಿಸುವುದು ಅವಳ ಲೆಕ್ಕದ ಪಾಠ: ಹತ್ತು ಆದರೆ ಒಂದು ಬುಟ್ಟಿ.

ದಿನವೂ ಗೋಡೆಯ ಹಾಳೆಯಲ್ಲಿ ಒಂದಕ್ಷರ ಬರೆಯಿರಿ. ತಾನೇ ಮಾಡಿದರೆ ‘ತಾ’, ಬಾಯಿಂದ ಹೇಳಿ ಮಾಡಿಸಿದರೆ ‘ಹೇ’, ಕೈ ಹಿಡಿದು ಮಾಡಿಸಿದರೆ ‘ಕೈ’. ಎರಡು ವಾರ ‘ಕೈ’ ಬಿಟ್ಟು ಏನೂ ಕಾಣದಿದ್ದರೆ ಮೆಟ್ಟಿಲು ದೊಡ್ಡದಾಯಿತು, ಇನ್ನೂ ಒಡೆಯಿರಿ.

ನೀವು ಕೇಳದ ಒಂದು ಮಾತು. ಮುಟ್ಟು ಶುರುವಾಗುವ ಮೊದಲೇ ಪ್ಯಾಡ್ ಹಾಕುವುದನ್ನು ಕಲಿಸಿ. ಒಳಉಡುಪಿನ ಮೇಲೆ ಪ್ಯಾಡಿನ ಆಕಾರದ ಗೆರೆಯನ್ನು ಬಣ್ಣದ ದಾರದಿಂದ ಹೊಲಿದುಬಿಟ್ಟರೆ ಎಲ್ಲಿ ಅಂಟಿಸಬೇಕೆಂದು ಅವಳಿಗೇ ಕಾಣುತ್ತದೆ. ತಿಂಗಳಿಗೆ ಎರಡು ದಿನ, ಅರ್ಧ ಗಂಟೆ ಹಾಕಿಕೊಂಡಿರಲಿ. ಆಗ ಆ ದಿನ ಬಂದಾಗ ಕಿತ್ತು ಎಸೆಯುವುದಿಲ್ಲ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ ಅವಳು ಅರ್ಹಳು, ಒಂದು ಲಕ್ಷ ರೂಪಾಯಿ ತನಕ. ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ.

ಹುಡುಗನಿಗೆ ಹದಿನಾಲ್ಕು, ಡಿಸ್ಲೆಕ್ಸಿಯಾ. ಒಂಬತ್ತನೇ ಇಯತ್ತೆಯಲ್ಲಿ ಕುಸಿಯುತ್ತಿದ್ದಾನೆ. ಎಸ್ಸೆಸ್ಸೆಲ್ಸಿಯೇ ಬರೆಸಬೇಕೋ, ರಾಷ್ಟ್ರೀಯ ಮುಕ್ತ ಶಾಲೆ ಎನ್ಐಒಎಸ್‌ಗೆ ಹಾಕಬೇಕೋ?
— ಸಿಂದಗಿಯ ತಂದೆ

ಡಿಸ್ಲೆಕ್ಸಿಯಾ ಎಂದರೆ ಓದು-ಬರಹದ ಕಲಿಕಾ ನ್ಯೂನತೆ. ಅದರ ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲೂ ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವು, ಹೆಚ್ಚುವರಿ ಸಮಯ, ಭಾಷಾ ವಿನಾಯಿತಿ ಸಿಗುತ್ತವೆ. ಮುಖ್ಯೋಪಾಧ್ಯಾಯರ ಮೂಲಕ, ಪರೀಕ್ಷೆ ನೋಂದಣಿಯ ಹೊತ್ತಿಗೇ ಅರ್ಜಿ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದವರು ಬರಿಗೈಯಲ್ಲಿ ಬಂದಿದ್ದಾರೆ. ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಹೇಳುತ್ತದೆ, ಮೂರು ಗಂಟೆಗೆ ಒಂದು ಗಂಟೆ.

ಶಾಲೆ ಸಹಕರಿಸುತ್ತಿದ್ದು ಅವನಿಗೆ ತೊಂದರೆ ಬರೀ ಭಾಷೆಯಲ್ಲಿದ್ದರೆ ಎಸ್ಸೆಸ್ಸೆಲ್ಸಿಯೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಆರು ವಿಷಯದ ಭಾರವೇ ಮುರಿಯುತ್ತಿದ್ದರೆ ಎನ್ಐಒಎಸ್ ಒಳ್ಳೆಯದು. ಸೆಕೆಂಡರಿಗೆ (ಹತ್ತನೇ ಇಯತ್ತೆಗೆ ಸಮ) 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಗಣಿತ ಕಡ್ಡಾಯವಲ್ಲ. ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥವೂ ಇವೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ. ಒಂದು ಸಲಕ್ಕೆ ಎರಡೇ ವಿಷಯ ಬರೆದರೂ ನಡೆಯುತ್ತದೆ. ಜನ ಎಡವುವ ಜಾಗ ಹೀಗೆ: ಸುಲಭವೆಂದು ಗಣಿತ, ವಿಜ್ಞಾನ ಬಿಟ್ಟು, ಆಮೇಲೆ ಡಿಪ್ಲೊಮಾ ಬಾಗಿಲಲ್ಲಿ ನಿಲ್ಲುತ್ತಾರೆ. ಮುಂದೆ ಸೇರಬೇಕೆಂದಿರುವ ಕಾಲೇಜಿಗೆ ಈಗಲೇ ಹೋಗಿ ಯಾವ ವಿಷಯ ಬೇಕೆಂದು ಕೇಳಿ. ಪುಸ್ತಕ, ಪ್ರಶ್ನೆಪತ್ರಿಕೆ ಯಾವ ಮಾಧ್ಯಮದಲ್ಲಿ ಬರುತ್ತವೆ ಎಂಬುದನ್ನು ವಿಷಯವಾರು ನೋಡಿಕೊಂಡೇ ಶುಲ್ಕ ಕಟ್ಟಿ.

ಬರಹಗಾರರನ್ನು ಬಳಸುವುದಕ್ಕೂ ಅಭ್ಯಾಸ ಬೇಕು. ವಾರಕ್ಕೊಂದು ಉತ್ತರವನ್ನು ತಂಗಿಗೋ ಗೆಳೆಯನಿಗೋ ಬಾಯಲ್ಲಿ ಹೇಳಿ ಬರೆಸಲಿ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಸಾಲು ಎಂದು ಅವನೇ ಹೇಳಬೇಕು.

ಎಂಟು ವರ್ಷದ ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿ, ನಡೆಯುವುದಿಲ್ಲ. ಮನೆಗೆ ಮೇಷ್ಟ್ರು ಬರುತ್ತಾರಂತೆ, ಹೌದೆ?
— ಮುದ್ದೇಬಿಹಾಳದ ಅಜ್ಜ

ಹೌದು ಅಜ್ಜಾರ. ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ ಕಾನೂನಿನ ಹಕ್ಕು. ಹತ್ತಿರದ ಸರಕಾರಿ ಶಾಲೆಯಲ್ಲಿ ಹೆಸರು ಹಚ್ಚಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಥವಾ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ತೊಗೊಳ್ಳಿ. ಬಿಐಇಆರ್‌ಟಿ ಎನ್ನುವ ವಿಶೇಷ ಶಿಕ್ಷಕರು ಬರುವ ದಿನ, ಕಲಿಸುವ ಗುರಿ ಎರಡನ್ನೂ ಬರೆಸಿಕೊಳ್ಳಿ. ಅವರು ಬಂದು ಹೋದ ಮೇಲೆ ಉಳಿದ ದಿನ ಮಾಡಿಸುವವರು ನೀವೇ, ಅದಕ್ಕೇ ಅವರು ಕಲಿಸುವಾಗ ಪಕ್ಕದಲ್ಲಿ ಕೂಡಿ.

ಕೂಡಿಸುವ ರೀತಿ ಸರಿ ಇರಲಿ. ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಕಡೆ ನೇರ ಮೂಲೆ (90 ಡಿಗ್ರಿ) ಬರಬೇಕು. ಪಾದ ನೇತಾಡಿದರೆ ಕೆಳಗೆ ಹಲಗೆ ಇಡಿ, ಮೇಜು ಮೊಣಕೈ ಎತ್ತರಕ್ಕಿರಲಿ. ಕಾಲಿಗೆ ಆಸರೆ ಇಲ್ಲದಿದ್ದರೆ ಬೀಳದಂತೆ ಕೂಡುವುದಕ್ಕೇ ಅವನ ಶಕ್ತಿಯೆಲ್ಲ ಹೋಗಿ, ಕೈ ಬರವಣಿಗೆಗೆ ಬರುವುದಿಲ್ಲ. ಪೆನ್ಸಿಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿ, ಹಾಳೆಯ ನಾಲ್ಕೂ ಮೂಲೆಗೆ ಟೇಪು ಹಚ್ಚಿ.