ಗಾಣ ಹುಡುಕಿದವರಿಗೆಲ್ಲ ಎಣ್ಣೆ ಬೇಕಿರಲಿಲ್ಲ

ಸೀರೆಗೆ ಕುಚ್ಚು ಹಾಕಿಕೊಡುತ್ತೀರಿ. ‘ಸೀರೆ ಕುಚ್ಚು’ ಅಂತ ಹುಡುಕಿ ನಿಮ್ಮ ಪೇಜಿಗೆ ಬರುವವರು ನೂರಾರು, ಆರ್ಡರ್ ಮಾತ್ರ ಇಲ್ಲ. ಒಂದೇ ಪದಕ್ಕೆ ಜನ ಬೇರೆ ಬೇರೆ ಅರ್ಥ ಯಾಕೆ ಇಟ್ಟುಕೊಳ್ಳುತ್ತಾರೆ, ಜಾಹೀರಾತಿಗೆ ದುಡ್ಡು ಹಾಕಿ ಇನ್ನೂ ದೊಡ್ಡ ಕೀವರ್ಡ್, ಅಂದರೆ ಇನ್ನೂ ಜಾಸ್ತಿ ಜನ ಹುಡುಕುವ ಪದ, ಹಿಡಿಯಲಾ ಅಂತ ಕೇಳಿದ್ದೀರಿ. ಹಿಡಿಯಬೇಡಿ. ನಾನು ಹಿಡಿದೆ. ಎರಡು ತಿಂಗಳಲ್ಲಿ 38 ಸಾವಿರ ರೂಪಾಯಿ ಹೋಯಿತು, ಬಂದ ಆರ್ಡರ್ ಹನ್ನೊಂದು. ಅದರಲ್ಲಿ ಎರಡು ನಮ್ಮ ಅತ್ತಿಗೆದು.

ನಮ್ಮದು ಚಳ್ಳಕೆರೆ ಕಡೆ. ಎಣ್ಣೆ ಮಿಲ್ಲುಗಳಿಂದಾಗಿಯೇ ಆಯಿಲ್ ಸಿಟಿ ಅನ್ನಿಸಿಕೊಂಡ ಊರು, ಸುತ್ತ ಶೇಂಗಾ ಹೊಲ. ಮನೆ ಹಿಂದೆ ಮರದ ಗಾಣ ಇದೆ. ಎತ್ತಿನದಲ್ಲ, ಮೋಟಾರಿನದು. 2021ರಲ್ಲಿ ಒಂದು ವೆಬ್‌ಸೈಟ್ ಮಾಡಿಸಿ, ಬೆಂಗಳೂರಿನವರಿಗೆ ಎಣ್ಣೆ ಕಳಿಸೋಣ ಅಂತ ಸರ್ಚ್ ಜಾಹೀರಾತಿಗೆ ಕೈ ಹಾಕಿದೆ. ನಾವು ಕೊಟ್ಟ ಪದವನ್ನು ಜನ ಹುಡುಕಿದಾಗ ಕಾಣುವ ಜಾಹೀರಾತು ಅದು, ಒತ್ತಿದಷ್ಟು ಸಲ ನಮ್ಮ ದುಡ್ಡು ಹೋಗುತ್ತದೆ. ಯಾವ ಪದ ಹಾಕೋದು? ನನಗೆ ಹೊಳೆದಿದ್ದು ಒಂದೇ: ಗಾಣ. ಅದನ್ನು ಕನ್ನಡದಲ್ಲೂ ಹಾಕಿದೆ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿದೆ. ಗಾಣ ಅಂದರೆ ಎಣ್ಣೆ, ಎಣ್ಣೆ ಅಂದರೆ ನಾನು. ಅಷ್ಟು ಸುಲಭ ಅಂದುಕೊಂಡಿದ್ದೆ.

ಮೊದಲ ವಾರದಲ್ಲೇ ಫೋನ್ ಶುರುವಾಯಿತು.

“ಸರ್, ಗಾಣ ಎಷ್ಟು ಬೀಳುತ್ತೆ?”

“ಶೇಂಗಾದ್ದು ಲೀಟರಿಗೆ 320.”

“ಲೀಟರ್ ಅಲ್ಲ ಸರ್, ಮೆಷಿನ್ನು. ಎಷ್ಟು ಎಚ್‌ಪಿ ಮೋಟಾರು? ಸಬ್ಸಿಡಿ ಬರುತ್ತಲ್ವಾ?”

ಇಂಥವು ದಿನಕ್ಕೆ ನಾಲ್ಕೈದು. ಯಾಕೆ ಅಂತ ಆಮೇಲೆ ಗೊತ್ತಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅಂತ ಒಂದು ಯೋಜನೆ ತಂದಿತ್ತು. ಬ್ಯಾಂಕ್ ಸಾಲ ಮಾಡಿ ಘಟಕ ಹಾಕಿದರೆ ಖರ್ಚಿನ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷದವರೆಗೆ ಸಬ್ಸಿಡಿ. ಲಾಕ್‌ಡೌನಿನಲ್ಲಿ ಊರಿಗೆ ಬಂದು ಕೂತಿದ್ದ ಹುಡುಗರೆಲ್ಲ ಗಾಣ ಹಾಕೋ ಲೆಕ್ಕದಲ್ಲಿದ್ದರು. ನಾನು ಗಿರಾಕಿ ಬಂದ ಅಂತ ಫೋನ್ ಎತ್ತಿದರೆ, ಆ ಕಡೆ ಇದ್ದದ್ದು ನಾಳೆಯ ಪ್ರತಿಸ್ಪರ್ಧಿ!

ಈಗ ನನ್ನ ತಪ್ಪು ಏನು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಜಾರಾದರೂ ಓದಿ. ಜಾಹೀರಾತಿಗೆ ಪದ ಕೊಡುವಾಗ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತಲೂ ಹೇಳಬಹುದು. ಬ್ರಾಡ್ ಮ್ಯಾಚ್ ಅಂದರೆ ಆ ಪದಕ್ಕೆ ನಂಟಿರುವ ಯಾವ ಹುಡುಕಾಟಕ್ಕಾದರೂ ತೋರಿಸು ಅಂತ. ಫ್ರೇಸ್ ಮ್ಯಾಚ್ ಅಂದರೆ ಆ ಮಾತಿನ ಅರ್ಥ ಇದ್ದರೆ ಮಾತ್ರ. ಎಕ್ಸಾಕ್ಟ್ ಅಂದರೆ ಹೆಚ್ಚು ಕಮ್ಮಿ ಅದೇ ಮಾತು. ಸುಮ್ನೆ ಪದ ಟೈಪ್ ಮಾಡಿ ಬಿಟ್ಟರೆ ಅದು ಬ್ರಾಡ್. ನಾನು ಸುಮ್ನೆ ಟೈಪ್ ಮಾಡಿ ಬಿಟ್ಟಿದ್ದೆ. ಜೊತೆಗೆ, ಜನ ನಿಜವಾಗಿ ಏನು ಹುಡುಕಿದಾಗ ನಿಮ್ಮ ಜಾಹೀರಾತು ಕಂಡಿತು ಅಂತ ತೋರಿಸುವ ಪಟ್ಟಿಯೊಂದಿದೆ, ಸರ್ಚ್ ಟರ್ಮ್ಸ್ ಅಂತ. ಎರಡೇ ಕ್ಲಿಕ್ ದೂರ. ಎರಡು ತಿಂಗಳು ನಾನು ಅದನ್ನು ತೆರೆಯಲೇ ಇಲ್ಲ. ದಿನಕ್ಕೆ 90 ಕ್ಲಿಕ್ ಬರುತ್ತಿದೆ ಅನ್ನುವುದನ್ನಷ್ಟೇ ನೋಡಿ ಖುಷಿಪಟ್ಟೆ. ಇಷ್ಟು ಜನ ಬಂದು ಯಾರೂ ಕೊಳ್ಳುತ್ತಿಲ್ಲ ಅಂದರೆ ಜನ ಸಾಲದು ಅಂತ ಅರ್ಥ ಮಾಡಿಕೊಂಡು ಬಜೆಟ್ ಜಾಸ್ತಿ ಮಾಡಿದೆ. ಇದು ಸಾಫ್ಟ್‌ವೇರಿನ ತಪ್ಪಲ್ಲ. ಹೇಳಿದ್ದನ್ನು ಅದು ಮಾಡಿತು. ಸೋರುವ ಡಬ್ಬಕ್ಕೆ ಇನ್ನಷ್ಟು ಸುರಿದವನು ನಾನು.

ಕೊನೆಗೆ ಪಟ್ಟಿ ತೆರೆಸಿದ್ದು ಚಿಕ್ಕಪ್ಪನ ಮಗ. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಜಿ, ಎ, ಎನ್, ಎ ಅಂತ ಬರೆದರೆ ಣ ಯಾವುದು ನ ಯಾವುದು ಅಂತ ಯಾರಿಗೆ ಗೊತ್ತಾಗಬೇಕು? ಗಾಣವೂ ಅದೇ, ಗಾನವೂ ಅದೇ, ಗಣವೂ ಅದೇ. ಹಿಂದಿ ಹಾಡು ಹುಡುಕಿದವರಿಗೆ, ಡೌನ್‌ಲೋಡ್ ಬೇಕಾದವರಿಗೆಲ್ಲ ನನ್ನ ಶೇಂಗಾ ಎಣ್ಣೆ ಕಂಡಿದೆ. ಕೆಲವರು ಒತ್ತಿಯೂ ನೋಡಿದ್ದಾರೆ, ಪುಣ್ಯಾತ್ಮರು. ಇನ್ನು ಕೆಲವರು ಹುಡುಕಿದ್ದು ಕಬ್ಬಿನ ಗಾಣ. ಮಂಡ್ಯ ಕಡೆಯವರ ತಲೆಯಲ್ಲಿ ಗಾಣ ಅಂದರೆ ಆಲೆಮನೆಯೂ ಬರುತ್ತದಲ್ಲ. ‘ಗಾಣಿಗ ವಧು ವರ’ ಅಂತ ಹುಡುಕಿದವರಿಗೂ ನನ್ನ ಜಾಹೀರಾತು ಹೋಗಿದೆ. ಅವರಿಗೆ ಬೇಕಿದ್ದದ್ದು ಹೆಣ್ಣು, ನಾನು ತೋರಿಸಿದ್ದು ಎಣ್ಣೆ. ಹಾಗೇ ‘ಎಣ್ಣೆ ಅಂಗಡಿ ಹತ್ತಿರ’ ಅಂತ ರಾತ್ರಿ ಒಂಬತ್ತರ ಮೇಲೆ ಹುಡುಕಿದವರೂ ಇದ್ದರು. ಅವರಿಗೆ ಯಾವ ಎಣ್ಣೆ ಬೇಕಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಇವೆಲ್ಲ ತಮಾಷೆಯ ಪಾಲು, ಖರ್ಚಿನಲ್ಲಿ ಸಣ್ಣದು. ದೊಡ್ಡ ಪಾಲು ತಿಂದದ್ದು ಗಾಣ ಅಂದರೆ ಸರಿಯಾಗಿ ನನ್ನ ಗಾಣವನ್ನೇ ಮನಸ್ಸಿನಲ್ಲಿಟ್ಟುಕೊಂಡವರು. ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದೇ ಇರುವುದು ಇಲ್ಲೇ. ಜನ ಬೇರೆ ಬೇರೆ ಅರ್ಥ ಇಟ್ಟುಕೊಂಡಿಲ್ಲ. ಮೆಷಿನ್ ಕೇಳಿದ ಹುಡುಗನಿಗೂ, ಎಣ್ಣೆ ಕೇಳಿದ ಗೃಹಿಣಿಗೂ, ಎರಡು ಚೀಲ ಶೇಂಗಾ ಆಡಿಸಬೇಕಿದ್ದ ಹಿರಿಯೂರಿನ ರೈತನಿಗೂ, ರಿಫೈಂಡ್ ಎಣ್ಣೆಗಿಂತ ಇದು ಯಾಕೆ ಇಷ್ಟು ದುಬಾರಿ ಅಂತ ತಿಳಿಯಬೇಕಿದ್ದವನಿಗೂ ಗಾಣದ ಅರ್ಥ ಒಂದೇ. ಬಂದ ಕೆಲಸ ಬೇರೆ. ಆ ಕೆಲಸವನ್ನು ಯಾರೂ ಟೈಪ್ ಮಾಡುವುದಿಲ್ಲ, ಅದು ತಮಗೆ ಗೊತ್ತೇ ಇದೆಯಲ್ಲ ಅಂತ.

ಚಿಕ್ಕಪ್ಪನ ಮಗ ಹೇಳಿದ, ಇದು ಹಳೇ ವಿಷಯ ಅಣ್ಣ ಅಂತ. ಅಲ್ಟಾವಿಸ್ಟಾ ಸರ್ಚ್ ಎಂಜಿನ್ನಿನಲ್ಲಿ ಕೆಲಸ ಮಾಡಿದ್ದ ಆಂಡ್ರೆ ಬ್ರೋಡರ್ 2002ರಲ್ಲೇ ಹುಡುಕುವವರನ್ನು ಮೂರು ಥರ ಮಾಡಿದ್ದರಂತೆ: ಏನಾದರೂ ತಿಳಿಯಬೇಕಾದವರು, ಇಂಥದೇ ಸೈಟಿಗೆ ಹೋಗಬೇಕಾದವರು, ಏನಾದರೂ ಕೆಲಸ ಮಾಡಿ ಮುಗಿಸಬೇಕಾದವರು. ಚೆನ್ನಾಗಿದೆ. ಆದರೆ ನಮ್ಮಪ್ಪ ಅಷ್ಟನ್ನೂ ಬಾಗಿಲಲ್ಲೇ ಮಾಡುತ್ತಿದ್ದರು, ಬಂದವರ ಕೈ ನೋಡಿ. ಕೈಯಲ್ಲಿ ಚೀಲ ಇದ್ದರೆ ಆಡಿಸೋಕೆ. ಖಾಲಿ ಕ್ಯಾನ್ ಇದ್ದರೆ ಎಣ್ಣೆಗೆ. ಬಕೆಟ್ ಇದ್ದರೆ ಹಸುವಿಗೆ ಹಿಂಡಿ. ಕೈ ಬೀಸಿಕೊಂಡು ಬಂದು ಮೋಟಾರಿನ ಕಡೆ ಕಣ್ಣು ಹಾಕಿದರೆ, ಇವನು ಗಾಣ ಹಾಕುವವನು. ಚೀಲದವನಿಗೆ ಅಪ್ಪ ಯಾವತ್ತೂ ಎಣ್ಣೆಯ ರೇಟು ಹೇಳಿದ್ದಿಲ್ಲ. ನನ್ನ ವೆಬ್‌ಸೈಟು ಎಲ್ಲರಿಗೂ ಅದನ್ನೇ ಹೇಳುತ್ತಿತ್ತು.

ಆಮೇಲೆ ಮಾಡಿದ್ದು ಇಷ್ಟು. ಒಂಟಿ ‘ಗಾಣ’ವನ್ನು ತೆಗೆದು ‘ಗಾಣದ ಎಣ್ಣೆ 5 ಲೀಟರ್’, ‘ಗಾಣದ ಎಣ್ಣೆ ಹೋಮ್ ಡೆಲಿವರಿ’ ಥರದ ಉದ್ದ ಮಾತು ಹಾಕಿದೆ, ಫ್ರೇಸ್ ಮ್ಯಾಚಿನಲ್ಲಿ. ಬೆಂಗಳೂರಿನ ಅರ್ಧ ಜನ ಕಡ್ಲೆಕಾಯಿ ಎಣ್ಣೆ ಅನ್ನುತ್ತಾರೆ, ನಾನು ಶೇಂಗಾ ಅಂತ ಮಾತ್ರ ಬರೆದಿದ್ದೆ. ಅದನ್ನೂ ಸೇರಿಸಿದೆ. ಮೆಷಿನ್, ಎಚ್‌ಪಿ, ಸಬ್ಸಿಡಿ, ವಧು, ಹಾಡು ಇವಕ್ಕೆಲ್ಲ ತೋರಿಸಬೇಡ ಅಂತ ನೆಗೆಟಿವ್ ಕೀವರ್ಡ್ ಹಾಕಿದೆ. ಲೀಟರ್ ಎಣ್ಣೆಗೆ ಸುಮಾರು 2.5 ಕೆಜಿ ಶೇಂಗಾ ಬೀಜ ಬೇಕು ಅನ್ನುವ ಲೆಕ್ಕವನ್ನು ಬೆಲೆಯ ಪಕ್ಕದಲ್ಲೇ ಬರೆದೆ, ದುಬಾರಿ ಅನ್ನುವ ಜಗಳ ಅಲ್ಲಿಗೆ ಕಮ್ಮಿಯಾಯಿತು. ಕ್ಲಿಕ್ 90ರಿಂದ 12ಕ್ಕೆ ಇಳಿಯಿತು. ಮೊದಲ ವಾರ ಎದೆ ಧಸಕ್ ಅಂದಿತು, ನಿಜ. ಆದರೆ ಆ ಹನ್ನೆರಡರಲ್ಲಿ ದಿನಕ್ಕೆ ಒಬ್ಬರೋ ಇಬ್ಬರೋ ದುಡ್ಡು ಕಟ್ಟುತ್ತಿದ್ದರು.

ಈಗ ನಿಮ್ಮ ಕುಚ್ಚಿಗೆ ಬರೋಣ. ‘ಸೀರೆ ಕುಚ್ಚು’ ಅಂತ ಹುಡುಕುವವರಲ್ಲಿ ಜಾಸ್ತಿ ಜನ ಕುಚ್ಚು ಹಾಕುವುದನ್ನು ಕಲಿಯಲು ಬಂದವರು ಅಂತ ನಾನು ಪಂದ್ಯ ಕಟ್ಟುತ್ತೇನೆ. ನಮ್ಮನೆಯವಳು ಮೊನ್ನೆ ಅದನ್ನೇ ಹುಡುಕಿ, ಬೇಬಿ ಕುಚ್ಚಿನ ವಿಡಿಯೋ ಮೂರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿ, ತಾನೇ ಹಾಕಿಕೊಂಡಳು. ಇನ್ನಷ್ಟು ಜನ ಡಿಸೈನ್ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಬೀದಿಯ ಟೈಲರಿಗೆ ತೋರಿಸುವವರು. ಇವರಿಗೆ ನೀವು ಎಷ್ಟು ರಿಯಾಯಿತಿ ಕೊಟ್ಟರೂ ಸೀರೆ ಕಳಿಸುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಬೇಕಿದ್ದರೆ ಒಂದು ಕಲಿಸುವ ವಿಡಿಯೋ ಹಾಕಿ, ಇಲ್ಲದಿದ್ದರೆ ಬಿಡಿ. ದುಡ್ಡು ಮಾತ್ರ ಆ ಪದದ ಮೇಲೆ ಹಾಕಬೇಡಿ.

ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ. ಜನ ಏನೇನು ಹುಡುಕಿದಾಗ ನಿಮ್ಮ ಸೈಟು ಕಂಡಿತು ಅಂತ ಅದರಲ್ಲಿದೆ. ಮೊದಲು ಆ ಪಟ್ಟಿಯನ್ನು ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ. ಆರ್ಡರ್ ಕೊಟ್ಟ ನಾಲ್ಕು ಜನರಿಗೆ ಫೋನ್ ಮಾಡಿ, ಏನು ಅಂತ ಹುಡುಕಿದ್ರಿ ಅಂತ ಕೇಳಿ. ಅವರು ಹೇಳುವ ಮಾತೇ ನಿಮ್ಮ ಕೀವರ್ಡ್.

ಮತ್ತೊಂದು. ಇಷ್ಟುದ್ದ ಪ್ರಶ್ನೆಯಲ್ಲಿ ನೀವು ಯಾವ ಊರಿನವರು ಅಂತ ಬರೆದಿಲ್ಲ. ಸಾವಿರಾರು ರೂಪಾಯಿಯ ಸೀರೆಯನ್ನು ಬಿಟ್ಟು ಹೋಗುವವರು ಮೊದಲು ಕೇಳುವುದು ಯಾವ ಏರಿಯಾ, ಎಷ್ಟು ದಿನಕ್ಕೆ ಕೊಡ್ತೀರಾ ಅಂತ. ನಿಮ್ಮ ಪೇಜಿನಲ್ಲೂ ಅದಿಲ್ಲದಿದ್ದರೆ ಇವತ್ತು ರಾತ್ರಿಯೇ ಹಾಕಿ.