ದುಬೈ ಬಿಸಿಲಿಗೆ ಪೋರ್ಷೆ 911: 20ಡಬ್ಲ್ಯೂ-50 ಬೇಡ

ನಿಮ್ಮದು 2010ರ ಪೋರ್ಷೆ 911 ಕರೆರಾ ಕಾರು, ಇರೋದು ದುಬೈನಲ್ಲಿ, ಗ್ಯಾರೇಜಿನವರು 0ಡಬ್ಲ್ಯೂ-40 ಇಂಜಿನ್ ಆಯಿಲ್ ಬಿಟ್ಟು ಇನ್ನೂ ಗಟ್ಟಿಯಾದ 20ಡಬ್ಲ್ಯೂ-50 ಹಾಕಿ ಅಂತಿದ್ದಾರೆ, ಅಲ್ವಾ? ಬೇಡ.

ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಗೆ ಸಂಬಂಧಿಸಿದ್ದು. ಕೊನೆಯಲ್ಲಿರುವ 40 ಮಾತ್ರ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಹಾಗಾಗಿ 0ಡಬ್ಲ್ಯೂ-40, 5ಡಬ್ಲ್ಯೂ-40 ಎರಡೂ ಬಿಸಿಯಲ್ಲಿ ಒಂದೇ ದರ್ಜೆ. ಹೊರಗೆ 48 ಡಿಗ್ರಿ ಇದ್ದರೂ ಓಡುವ ಇಂಜಿನ್ನಿನೊಳಗಿನ ಆಯಿಲ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಇಂಜಿನ್ ತಯಾರಾಗಿರೋದೇ ಅದಕ್ಕೆ.

ಆಯಿಲ್ ಡಬ್ಬದ ಹಿಂದೆ 'ಪೋರ್ಷೆ ಎ40' ಅಪ್ರೂವಲ್, ಅಂದ್ರೆ ಆ ಆಯಿಲ್‌ಗೆ ಪೋರ್ಷೆ ಕಂಪನಿಯೇ ಕೊಟ್ಟ ಒಪ್ಪಿಗೆ, ಇದೆಯಾ ನೋಡಿ. ನನ್ನ ಪ್ರಕಾರ ಬ್ರ್ಯಾಂಡಿಗಿಂತ ಅದೇ ಮುಖ್ಯ. "ಎ40ಗೆ ಸೂಕ್ತ" ಅಂತ ಮಾತ್ರ ಬರೆದಿದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು, ಅಪ್ರೂವಲ್ ಅಲ್ಲ.

ಟ್ರ್ಯಾಕಿಗೆ ಹೋಗ್ತೀರಾ? ಮೀಟರಿನಲ್ಲಿ ಆಯಿಲ್ ಬಿಸಿ 120 ಡಿಗ್ರಿ ದಾಟಿ ಅಲ್ಲೇ ನಿಲ್ಲುತ್ತಿದ್ದರೆ ಎ40 ಇರುವ 5ಡಬ್ಲ್ಯೂ-50 ಯೋಚಿಸಬಹುದು. ಬರೀ ಆಫೀಸು, ಮನೆ ಅಂದ್ರೆ ಸುಮ್ನೆ ಖರ್ಚು.

ಇನ್ನೊಂದು, ಈ ಕಾರಿಗೆ ಆಯಿಲ್ ಮಟ್ಟ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ. ಇಂಜಿನ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಸ್‌ಪ್ಲೇಯಲ್ಲೇ ಮಟ್ಟ ನೋಡಿ. ತುಂಬಾ ಸುರಿಯಬೇಡಿ, ಸ್ವಲ್ಪ ಸ್ವಲ್ಪವೇ ಹಾಕಿ.