ಮೋರಿಯರ ಮನೆಯಲ್ಲಿ ‘ಹ್ಯೂಮನಾಯ್ಡ್’ ಹುಡುಕುವವರಿಗೆ

ಪ್ರಶ್ನೆ: ಬ್ರಹ್ಮಗಿರಿಯ ತಪ್ಪಲಿನ ಕಲ್ಲುಮನೆಗಳಲ್ಲಿ ಮೂರಡಿ ಎತ್ತರದ ಮೋರಿಯರು ವಾಸವಾಗಿದ್ದರೆಂದು ಹಿರಿಯರು ಹೇಳುತ್ತಾರೆ. ಯೂಟ್ಯೂಬಿನಲ್ಲಿ ಅವರನ್ನು ‘ಹ್ಯೂಮನಾಯ್ಡ್’ ಎನ್ನುತ್ತಿದ್ದಾರೆ. ಈ ಪದ ಸರಿಯೇ? (ಮೊಳಕಾಲ್ಮೂರು)

ಉತ್ತರ: ಸರಿಯಲ್ಲ. ಇದೇ ಪ್ರಶ್ನೆ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ‘ಹ್ಯೂಮನಾಯ್ಡ್’ ಆಕಾರವನ್ನಷ್ಟೇ ಹೇಳುವ ಪದ. ಕೈಕಾಲು, ತಲೆಗಳು ಮನುಷ್ಯನಂತಿದ್ದರೆ ಯಂತ್ರಕ್ಕೂ, ಕಥೆಯ ಅನ್ಯಗ್ರಹವಾಸಿಗೂ ಅದು ಸಲ್ಲುತ್ತದೆ, ವಂಶದ ವಿಚಾರ ಅದರಲ್ಲಿಲ್ಲ. ವಂಶವನ್ನು ಸೂಚಿಸಲು ವಿಜ್ಞಾನಿಗಳು ಬಳಸುವುದು ‘ಹೋಮಿನಿನ್’ ಎಂಬ ಪದವನ್ನು. ಚಿಂಪಾಂಜಿಯ ಕವಲಿನಿಂದ ಬೇರೆಯಾದ ಮೇಲೆ ನಮ್ಮ ಕವಲಿನಲ್ಲಿ ಹುಟ್ಟಿ ಅಳಿದ ಪ್ರಭೇದಗಳೆಲ್ಲವೂ, ಉಳಿದಿರುವ ನಾವೂ ಅದರೊಳಗೆ ಬರುತ್ತೇವೆ. ಹಳೆಯ ಪುಸ್ತಕಗಳು ಇದೇ ಅರ್ಥದಲ್ಲಿ ‘ಹೋಮಿನಿಡ್’ ಎನ್ನುತ್ತಿದ್ದವು. ಈಗ ಆ ಪದ ಗೊರಿಲ್ಲಾ, ಒರಾಂಗುಟಾನ್‌ಗಳನ್ನೂ ಒಳಗೊಳ್ಳುತ್ತದೆ. 1982ರಲ್ಲಿ ನರ್ಮದಾ ಕಣಿವೆಯ ಹಥನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ದೊರೆತ ತಲೆಬುರುಡೆ ಹೋಮಿನಿನ್‌ನದು. 2003ರಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಸಿಕ್ಕ, ಸುಮಾರು ಮೂರೂವರೆ ಅಡಿ ಎತ್ತರದ ಕುಳ್ಳ ಪ್ರಭೇದವೂ ಹೋಮಿನಿನ್ನೇ. ಮೋರಿಯರನ್ನು ಇದರ ನೆಂಟರನ್ನಾಗಿ ಮಾಡುವ ವಿಡಿಯೋಗಳನ್ನು ನನಗೆ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಿ.

ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ಸ್ಪಷ್ಟಪಡಿಸಿದಂತೆ ಈ ಕಲ್ಲುಮನೆಗಳು ಮನೆಗಳೇ ಅಲ್ಲ, ಸತ್ತವರ ಮೂಳೆಗಳನ್ನು ಮಡಕೆಗಳು ಮತ್ತು ಕಬ್ಬಿಣದ ಉಪಕರಣಗಳ ಸಮೇತ ಇರಿಸಿದ ಗೋರಿಗಳು. ಮೂಳೆಗಳು ನಮ್ಮಂಥ ಮನುಷ್ಯರವೇ. ಚಪ್ಪಡಿಯಲ್ಲಿನ ದುಂಡು ಕಿಂಡಿಯನ್ನು ಬಾಗಿಲೆಂದುಕೊಂಡು ಒಳಗಿದ್ದವರು ಕುಳ್ಳರೆನ್ನುವುದು, ಹಗೇವಿನ ಬಾಯಿ ನೋಡಿ ರೈತನ ಎತ್ತರ ಅಳೆದಂತಾಯಿತು. ಹಿರಿಯರ ಕಥೆಯಿಂದ ಯಾರಿಗೂ ಹಾನಿಯಿಲ್ಲ. ಹಾನಿಯಾಗುತ್ತಿರುವುದು ಅಂಜನ ಹಾಕಿ ನಿಧಿ ತೋರಿಸುತ್ತೇನೆನ್ನುವ ವಂಚಕರಿಂದ, ಅವರನ್ನು ನಂಬಿ ರಾತ್ರೋರಾತ್ರಿ ಚಪ್ಪಡಿ ಒಡೆಯುವವರಿಂದ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 1958ರ ಕಾಯಿದೆಯಡಿ ಜೈಲು ಶಿಕ್ಷೆಯುಂಟು. ಹೊಲದಲ್ಲಿ ಇಂಥ ಕಲ್ಲೋ ಮೂಳೆಯೋ ಕಂಡರೆ ಮುಟ್ಟದೆ ಪುರಾತತ್ವ ಇಲಾಖೆಗೆ ತಿಳಿಸಿ; ತೊಳೆದು ತಂದ ಮೂಳೆಯಿಂದ ನನಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿರುವ ‘ಹಿಡಿಂಬನ ಹಲ್ಲು’ ದೈತ್ಯ ಹ್ಯೂಮನಾಯ್ಡ್‌ನದೇ? (ಚಿತ್ರದುರ್ಗ)

ಉತ್ತರ: ಅಷ್ಟು ದೊಡ್ಡ ಹಲ್ಲಿನ ಹೋಮಿನಿನ್ ಜಗತ್ತಿನಲ್ಲೆಲ್ಲೂ ಸಿಕ್ಕಿಲ್ಲ, ಕೈಮುಗಿಯಿರಿ, ಪ್ರಾಣಿಶಾಸ್ತ್ರಕ್ಕೆ ಎಳೆಯಬೇಡಿ.

ಪ್ರಶ್ನೆ: ಮನುಷ್ಯಾಕಾರದ ರೋಬೋಟನ್ನು ಹ್ಯೂಮನಾಯ್ಡ್ ಎನ್ನಬಹುದೇ? (ದಾವಣಗೆರೆ)

ಉತ್ತರ: ಧಾರಾಳವಾಗಿ ಎನ್ನಬಹುದು. ಬಾಹ್ಯಾಕಾಶಕ್ಕೆ ಕಳುಹಿಸಲೆಂದು ಇಸ್ರೋ ರೂಪಿಸಿದ ರೋಬೋಟ್ ವ್ಯೋಮಮಿತ್ರಕ್ಕೆ ಕಾಲಿಲ್ಲವಾದ್ದರಿಂದ ಅದು ಅರೆ ಹ್ಯೂಮನಾಯ್ಡ್.